ಕಲ್ಲಿದ್ದಲ ಗುಡ್ಡದ ಮೇಲೊಂದು ಬಾಲಚುಕ್ಕಿ

2020ರ ಜುಲೈ ಮಧ್ಯಭಾಗ. ರಾತ್ರಿ ಹತ್ತಾದರೂ ಸಿಯಾಟಲ್ ಬಳಿಯ ನ್ಯೂಕ್ಯಾಸಲ್‌ನ ವಾಯವ್ಯ ದಿಕ್ಕಿನಲ್ಲಿ ಬೆಳಕು ಇಂಗಿರಲಿಲ್ಲ. ಸೂರ್ಯ ಒಂಬತ್ತಕ್ಕೇ ಮುಳುಗಿದ್ದ. ನಮ್ಮ ತೀರ್ಥಹಳ್ಳಿ ಕಡೆಯಾಗಿದ್ದರೆ ಮುಳುಗಿದ ಒಂದು ಗಂಟೆಗೆ ಕಗ್ಗತ್ತಲು. ಅಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಅವನ ಹಿಂದೆಯೇ ಕತ್ತಲೂ ಇಳಿಯುತ್ತದೆ. 47 ಡಿಗ್ರಿ ದಾಟಿದ ಇಲ್ಲಿನ ಅಕ್ಷಾಂಶದಲ್ಲಿ ಅವನು ದಿಗಂತದ ಕೆಳಗೆ ಓರೆಯಾಗಿ ಜಾರುತ್ತ ಹೋಗುತ್ತಾನೆ. ಬೇಸಿಗೆಯಲ್ಲಿ ಮುಸ್ಸಂಜೆಯ ಬೆಳಕು ಪೂರ್ತಿ ಆರಲು ಎರಡು ಗಂಟೆಗೂ ಹೆಚ್ಚು ಬೇಕು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಮೂವರೂ ಗುಡ್ಡದ ರಸ್ತೆಬದಿಯ ಮೋಟುಗೋಡೆಗೆ ಒರಗಿ ಕಾಯುತ್ತಿದ್ದೆವು.

ಹತ್ತೂವರೆ ದಾಟಿದ ಮೇಲೆ ಸಪ್ತರ್ಷಿ ಮಂಡಲದ ಏಳೂ ನಕ್ಷತ್ರಗಳು ಎದ್ದು ಕಂಡವು. ಅದರ ಚೌಕದಿಂದ ಕೆಳಕ್ಕೆ, ದಿಗಂತದ ಕಡೆಗೆ ಬೈನಾಕ್ಯುಲರ್ ಇಳಿಸುತ್ತ ಬಂದೆ. ದಿಗಂತಕ್ಕಿಂತ, ಚಾಚಿದ ತೋಳಿನ ಅಳತೆಯಲ್ಲಿ, ಒಂದೂವರೆ ಮುಷ್ಟಿ ಮೇಲೆ ಕೈ ತಾನಾಗಿ ನಿಂತಿತು. ಅಲ್ಲಿತ್ತು. ಹಳದಿ ತಲೆ, ಅದರಿಂದ ಮೇಲಕ್ಕೆ ಅಗಲವಾಗುತ್ತ ಹೋದ ಬಾಲ. ಮಗಳಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಬೈನಾಕ್ಯುಲರ್ ಇಳಿಸಿ, ಬರಿಗಣ್ಣಿನಿಂದಲೇ ಅದೇ ಜಾಗವನ್ನು ಹಿಡಿದಳು. "ಅಪ್ಪಾ, ಯಾರೋ ಬೆರಳಲ್ಲಿ ಒರೆಸಿದ ಹಾಗಿದೆ" ಎಂದಳು. ಬರಿಗಣ್ಣಿಗೆ ಕಾಣುವ ಬಾಲಚುಕ್ಕಿಯನ್ನು ಅದಕ್ಕಿಂತ ಸರಿಯಾಗಿ ವರ್ಣಿಸಿದ್ದನ್ನು ನಾನು ಕೇಳಿಲ್ಲ.

ಅದು ನಿಯೋವೈಸ್. ಅದೇ ಹೆಸರಿನ ಬಾಹ್ಯಾಕಾಶ ದೂರದರ್ಶಕ 2020ರ ಮಾರ್ಚ್ 27ರಂದು ಅದನ್ನು ಪತ್ತೆಮಾಡಿತ್ತು. ಜುಲೈ 3ರಂದು ಸೂರ್ಯನಿಗೆ ಸುಮಾರು 4.4 ಕೋಟಿ ಕಿಲೋಮೀಟರ್ ಹತ್ತಿರದಲ್ಲಿ, ಅಂದರೆ ಬುಧಗ್ರಹಕ್ಕಿಂತಲೂ ಒಳಗೆ ಹಾದು, ಸುಟ್ಟುಹೋಗದೆ ಹೊರಬಂದು, ಜುಲೈ 23ರಂದು ಭೂಮಿಗೆ ಅತಿ ಸಮೀಪವಾಯಿತು. ಆ ಸಾಮೀಪ್ಯವೂ ಸುಮಾರು 10.3 ಕೋಟಿ ಕಿಲೋಮೀಟರ್! ಮತ್ತೆ ಬರುವುದು ಸುಮಾರು 6,800 ವರ್ಷಗಳ ನಂತರ.

ಬಾಲಚುಕ್ಕಿ ನೋಡಲು ಯಾವ ದೂರದರ್ಶಕ ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ಮನೆಯ ಹತ್ತಿರ ದಿಗಂತ ಎಲ್ಲಿ ಕಾಣುತ್ತದೆ ಎಂದು. ಬಾಲಚುಕ್ಕಿ ಉಜ್ವಲವಾಗುವುದು ಸೂರ್ಯನ ಹತ್ತಿರ ಬಂದಾಗ. ಸೂರ್ಯನ ಹತ್ತಿರ ಇರುವುದೆಲ್ಲ ನಮಗೆ ಕಾಣುವುದು ಒಂದೋ ಸಂಜೆ ಪಶ್ಚಿಮದಲ್ಲಿ, ಇಲ್ಲವೇ ಬೆಳಗಿನ ಜಾವ ಪೂರ್ವದಲ್ಲಿ, ಅದೂ ದಿಗಂತಕ್ಕೆ ತಾಗಿಕೊಂಡು. ನೆತ್ತಿಯ ಮೇಲೆ ಬರುವ ಬಾಲಚುಕ್ಕಿ ಇಲ್ಲವೆಂದಲ್ಲ. 1996ರ ಮಾರ್ಚ್‌ನಲ್ಲಿ ಹ್ಯಾಕುತಾಕೆ ಹಾಗೆ ಬಂದಿತ್ತು. ಆದರೆ ಅದು ಅಪರೂಪದಲ್ಲಿ ಅಪರೂಪ.

ಈ ಪಾಠ ನಾನು ಕಲಿತದ್ದು ಅಡಿಕೆ ತೋಟದಲ್ಲಿ. 1997ರ ಏಪ್ರಿಲ್‌ನಲ್ಲಿ ಹೇಲ್-ಬಾಪ್ ಬಂದಾಗ ಊರಿಗೆ ಊರೇ ಅದರ ಮಾತಾಡುತ್ತಿತ್ತು, ನಮ್ಮ ಅಂಗಳಕ್ಕೆ ಮಾತ್ರ ಅದು ಕಾಣುತ್ತಿರಲಿಲ್ಲ. ಮೂರು ಕಡೆ ತೋಟ, ಒಂದು ಕಡೆ ಗುಡ್ಡ. ಆಕಾಶವೆಂದರೆ ನಮಗೆ ನೆತ್ತಿಯ ಮೇಲಿನ ಒಂದು ತುಂಡು ಅಷ್ಟೆ. ಅಪ್ಪ ಟಾರ್ಚು ಹಿಡಿದು ನನ್ನನ್ನು ಮೇಲಿನ ಬ್ಯಾಣಕ್ಕೆ ಕರೆದುಕೊಂಡು ಹೋದರು. ಹುಲ್ಲಿನ ಬಯಲು ತಲುಪಿ ತಿರುಗಿ ನಿಂತರೆ ವಾಯವ್ಯದಲ್ಲಿ ಅದು ತನ್ನಷ್ಟಕ್ಕೆ ನಿಂತಿತ್ತು. ಹುಡುಕುವ ಅಗತ್ಯವೇ ಇರಲಿಲ್ಲ. ಹದಿನೆಂಟು ತಿಂಗಳು ಬರಿಗಣ್ಣಿಗೆ ಕಂಡ ಆ ಬಾಲಚುಕ್ಕಿಯನ್ನು ನಾವು ಒಂದು ಫರ್ಲಾಂಗು ನಡೆಯದೆ ತಪ್ಪಿಸಿಕೊಳ್ಳುವವರಿದ್ದೆವು.

ನ್ಯೂಕ್ಯಾಸಲ್‌ನಲ್ಲೂ ಅದೇ ಕಥೆ. ಅಡಿಕೆಯ ಜಾಗದಲ್ಲಿ ಡಗ್ಲಸ್ ಫರ್ ಮರಗಳು. ಇಲ್ಲಿನ ಮನೆಗಳ ಹಿತ್ತಿಲಿನಿಂದ ಆಕಾಶ ನೋಡಿದರೆ ಬಾವಿಯೊಳಗಿನಿಂದ ನೋಡಿದ ಹಾಗೆ. ಆದರೆ ಊರು ಇರುವುದು ಗುಡ್ಡದ ಮೈಮೇಲೆ. ಸಿಯಾಟಲ್‌ನಿಂದ ವಾಷಿಂಗ್ಟನ್ ಸರೋವರ ದಾಟಿದರೆ ಬೆಲ್‌ವ್ಯೂ ಮತ್ತು ರೆಂಟನ್ ನಡುವೆ ಸಿಗುವ ಸಣ್ಣ ಊರಿದು. ನಗರವೆಂದು ದಾಖಲಾದದ್ದು 1994ರಲ್ಲಿ. ಇಳಿಜಾರಿನ ಮರಗಳಿಲ್ಲದ ತೆರಪುಗಳಲ್ಲಿ ನಿಂತರೆ ಕೆಳಗೆ ಸರೋವರ, ಅದರಾಚೆ ಸಿಯಾಟಲ್‌ನ ಗೋಪುರಗಳು, ಇನ್ನೂ ಆಚೆ ಒಲಿಂಪಿಕ್ ಬೆಟ್ಟಸಾಲು. ಪಶ್ಚಿಮಕ್ಕೆ ಇಷ್ಟು ತೆರೆದ ಜಾಗ ಈ ಸುತ್ತಿನಲ್ಲಿ ಸುಲಭಕ್ಕೆ ಸಿಗದು.

ಸಿಯಾಟಲ್‌ನ ದೀಪಗಳೆಲ್ಲ ಅದೇ ದಿಕ್ಕಿನಲ್ಲಿವೆಯಲ್ಲ, ಕತ್ತಲಿರುವಲ್ಲಿಗೆ ಹೋಗಬೇಡವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಒಮ್ಮೆ ಪೂರ್ವಕ್ಕೆ, ಸ್ನೋಕ್ವಾಲ್ಮಿ ಕಣಿವೆದಾರಿಯ ಕಡೆಗೆ ಕಾರು ಓಡಿಸಿದ್ದೆ. ಕತ್ತಲು ಅದ್ಭುತವಾಗಿತ್ತು. ಕ್ಷೀರಪಥ ಹಾಲು ಚೆಲ್ಲಿದ ಹಾಗೆ ಹರಡಿತ್ತು. ಆದರೆ ಸುತ್ತಲೂ ಬೆಟ್ಟ. ಬಾಲಚುಕ್ಕಿ ಇರಬೇಕಾದ ಜಾಗದಲ್ಲಿ ಕಪ್ಪು ಗೋಡೆ. ತಗ್ಗಿನಲ್ಲಿರುವ ಬಾಲಚುಕ್ಕಿಗೆ ಕತ್ತಲಿಗಿಂತ ದಿಗಂತವೇ ಮುಖ್ಯ, ಇದು ನನ್ನ ಖಚಿತ ಅಭಿಪ್ರಾಯ. ಕಾರಣ ಸರಳ. ನಗರದ ಬೆಳಕು ಬಾಲಚುಕ್ಕಿಯನ್ನು ಮಂಕಾಗಿಸುತ್ತದೆ, ಬೆಟ್ಟ ಅದನ್ನು ಇಲ್ಲವಾಗಿಸುತ್ತದೆ.

ಆಕಾಶವನ್ನು ಅಳೆಯಲು ಕೈಗಿಂತ ಒಳ್ಳೆಯ ಉಪಕರಣ ಬೇಡ. ತೋಳು ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನದು ಒಂದು ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದಾದರೂ ತೋಳೂ ಗಿಡ್ಡವಾದ್ದರಿಂದ ಲೆಕ್ಕ ತಪ್ಪುವುದಿಲ್ಲ. "ಸ್ವಾತಿಯಿಂದ ಎಡಕ್ಕೆ ಎರಡು ಮುಷ್ಟಿ" ಎಂದರೆ ನ್ಯೂಕ್ಯಾಸಲ್‌ನಲ್ಲೂ ನಮ್ಮ ತೀರ್ಥಹಳ್ಳಿಯಲ್ಲೂ ಅಳತೆ ಒಂದೇ. ಎಡ ಬಲ ಮೇಲೆ ಕೆಳಗೆ ಮಾತ್ರ ಊರೂರಿಗೆ ಬದಲಾಗುತ್ತವೆ, ಅದನ್ನು ನಕ್ಷತ್ರಪಟ ನೋಡಿ ತಿಳಿಯಬೇಕು.

ಇನ್ನು ಬೈನಾಕ್ಯುಲರ್. ಅದರ ಮೇಲೆ 7x50 ಅಥವಾ 10x50 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆಂದು, ಎರಡನೆಯದು ಮುಂದಿನ ಮಸೂರ ಎಷ್ಟು ಮಿಲಿಮೀಟರ್ ಅಗಲವೆಂದು. ಈ ಎರಡರಲ್ಲಿ ಯಾವುದಾದರೂ ಸಾಕು. ದೊಡ್ಡ ದೂರದರ್ಶಕ ಆಕಾಶದ ಚಿಕ್ಕ ಚೂರನ್ನಷ್ಟೇ ತೋರಿಸುತ್ತದೆ, ಹತ್ತಾರು ಡಿಗ್ರಿ ಚಾಚಿದ ಬಾಲ ಅದರಲ್ಲಿ ಹಿಡಿಸುವುದೇ ಇಲ್ಲ.

ಪತ್ರಿಕೆಯಲ್ಲಿ "ಕಾಂತಿಮಾನ 3" ಎಂದು ಓದಿದವರು ಆ ಮಟ್ಟದ ನಕ್ಷತ್ರದಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಹೊರಗೆ ಬಂದು, ನಿರಾಸೆಯಿಂದ ಒಳಗೆ ಹೋಗುತ್ತಾರೆ. ಒಂದು ಚಮಚ ಬೆಲ್ಲವನ್ನು ಲೋಟದ ನೀರಿಗೆ ಹಾಕಿದರೆ ಸಿಹಿ, ಕೊಡದ ನೀರಿಗೆ ಹಾಕಿದರೆ ನಾಲಿಗೆಗೆ ಗೊತ್ತಾಗುವುದೇ ಇಲ್ಲ. ನಕ್ಷತ್ರದ ಬೆಳಕು ಒಂದೇ ಚುಕ್ಕೆಯಲ್ಲಿ ಗಟ್ಟಿಯಾಗಿರುತ್ತದೆ, ಬಾಲಚುಕ್ಕಿಯ ಅಷ್ಟೇ ಬೆಳಕು ಅಗಲಕ್ಕೆ ಹರಡಿಹೋಗಿರುತ್ತದೆ. ಅದನ್ನು ಹಿಡಿಯಲು ಕಣ್ಣಿಗೆ ಎರಡು ಉಪಕಾರ ಮಾಡಬೇಕು. ಇಪ್ಪತ್ತು ಮೂವತ್ತು ನಿಮಿಷ ಯಾವ ಬೆಳಕನ್ನೂ, ಮುಖ್ಯವಾಗಿ ಮೊಬೈಲನ್ನು, ನೋಡದೆ ಕತ್ತಲಿಗೆ ಒಗ್ಗಿಸಬೇಕು. ಆಮೇಲೆ ಬಾಲಚುಕ್ಕಿಯನ್ನು ನೇರವಾಗಿ ನೋಡದೆ ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಅಕ್ಷಿಪಟಲದ ನಡುವೆ ಇರುವ ಶಂಕುಕೋಶಗಳು ಬಣ್ಣ, ವಿವರಗಳಿಗೆ ಒಳ್ಳೆಯವು. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಇರುವುದು ಸುತ್ತಲಿನ ಅಂಚಿನಲ್ಲಿ. ಓರೆಗಣ್ಣಿನಲ್ಲಿ ನೋಡಿದ ಕೂಡಲೇ ಬಾಲ ಇನ್ನೊಂದಿಷ್ಟು ಉದ್ದವಾಗುವುದನ್ನು ನೀವೇ ನೋಡಿ. ಫೋಟೊ ಬೇಕಾದರೆ ಕಣ್ಣಿನ ಕೆಲಸ ಮುಗಿದ ಮೇಲೆ ಮೊಬೈಲನ್ನು ಗೋಡೆಗೆ ಒರಗಿಸಿ, ಟೈಮರ್ ಇಟ್ಟು, ರಾತ್ರಿ ಮೋಡ್‌ನಲ್ಲಿ ಕೆಲವು ಸೆಕೆಂಡು ತೆರೆದಿಡಿ.

ನ್ಯೂಕ್ಯಾಸಲ್‌ನಲ್ಲಿ ಇನ್ನೊಂದು ತೊಡಕಿದೆ. ಸಿಯಾಟಲ್-ಟಕೋಮಾ ವಿಮಾನ ನಿಲ್ದಾಣ ಹತ್ತಿರ. ಸೂರ್ಯ ಮುಳುಗಿದ ಮೇಲೂ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಬಿಸಿಲು ಬೀಳುತ್ತಿರುತ್ತದೆ. ಅದು ಬಿಟ್ಟುಹೋದ ಬಿಳಿ ಗೆರೆ ಆ ಬಿಸಿಲಲ್ಲಿ ಹೊಂಬಣ್ಣಕ್ಕೆ ತಿರುಗಿ, ದಿಗಂತದ ಬಳಿ ಥೇಟ್ ಬಾಲಚುಕ್ಕಿಯ ಹಾಗೆ ನಿಲ್ಲುತ್ತದೆ. ಗೆರೆ ನೋಡಿ ಸಂಭ್ರಮಪಟ್ಟವರನ್ನು ನಾನು ಕಂಡಿದ್ದೇನೆ. ಪರೀಕ್ಷೆ ಇಷ್ಟೆ: ಐದು ನಿಮಿಷ ಕಾಯಿರಿ. ವಿಮಾನದ ಗೆರೆ ಸರಿಯುತ್ತದೆ, ಹರಡುತ್ತದೆ, ಕರಗುತ್ತದೆ. ಬಾಲಚುಕ್ಕಿ ಅಕ್ಕಪಕ್ಕದ ನಕ್ಷತ್ರಗಳ ಜೊತೆಗೇ, ಅವುಗಳ ನಡುವಿನ ಅಂತರ ಬದಲಾಗದಂತೆ, ನಿಧಾನ ಇಳಿಯುತ್ತದೆ. ಬಾಲದ ದಿಕ್ಕನ್ನೂ ನೋಡಿ. ಬಾಲಚುಕ್ಕಿಯ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖ. ಸಂಜೆಯ ಬಾಲಚುಕ್ಕಿಗೆ ತಲೆ ಕೆಳಗೆ, ಬಾಲ ಮೇಲೆ.

ಈ ಬಾಲ ಹುಟ್ಟುವುದು ಹೇಗೆಂದು ಮಗಳಿಗೆ ಹೇಳಲು ನಾನು ದೇವರ ಗೂಡಿನಿಂದ ಕರ್ಪೂರ ತಂದೆ. ಕರ್ಪೂರ ನೀರಾಗಿ ಕರಗುವುದಿಲ್ಲ. ಡಬ್ಬಿಯಲ್ಲಿಟ್ಟದ್ದು ಇಟ್ಟಲ್ಲೇ ಆವಿಯಾಗಿ ಸಣ್ಣದಾಗುತ್ತದೆ. ಬಾಹ್ಯಾಕಾಶದ ನಿರ್ವಾತದಲ್ಲಿ ಹಿಮವೂ ಹಾಗೆಯೇ, ಬಿಸಿಲು ತಾಗಿದರೆ ನೇರವಾಗಿ ಆವಿಯಾಗುತ್ತದೆ. ಹಿಮ, ದೂಳು, ಕಲ್ಲು ಬೆರೆತ ಕೆಲವೇ ಕಿಲೋಮೀಟರ್ ಗಾತ್ರದ ಉಂಡೆ ಸೂರ್ಯನ ಬಳಿ ಬಂದಾಗ ಆವಿ ಚಿಮ್ಮುತ್ತದೆ, ದೂಳನ್ನೂ ಎಳೆದು ತರುತ್ತದೆ. ಬಿಸಿಲಿನ ಒತ್ತಡಕ್ಕೆ ಹಿಂದೆ ಸರಿದ ದೂಳು ಬಾಗಿದ ಹಳದಿ ಬಾಲವಾಗುತ್ತದೆ. ವಿದ್ಯುದಂಶ ಪಡೆದ ಅನಿಲವನ್ನು ಸೌರಮಾರುತ ಹೊತ್ತೊಯ್ದು ನೆಟ್ಟನೆಯ ನೀಲಿ ಬಾಲ ಮಾಡುತ್ತದೆ. ಧೂಮ ಎಂದರೆ ಹೊಗೆ, ಕೇತು ಎಂದರೆ ಬಾವುಟ. ಧೂಮಕೇತು ಎಂದು ಹೆಸರಿಟ್ಟವರು ಕಣ್ಣಿಟ್ಟು ನೋಡಿದವರು.

ಆ ಉಂಡೆಯ ಬಣ್ಣ ಯಾವುದು? ಹಿಮವೆಂದ ಮೇಲೆ ಬಿಳಿಯಿರಬೇಕು ಎಂದುಕೊಳ್ಳುತ್ತೇವೆ. 1986ರ ಮಾರ್ಚ್‌ನಲ್ಲಿ ಯುರೋಪಿನ ಜೊಟ್ಟೊ ನೌಕೆ ಹ್ಯಾಲಿ ಬಾಲಚುಕ್ಕಿಯ ಒಡಲಿನಿಂದ 600 ಕಿಲೋಮೀಟರ್ ದೂರದಲ್ಲಿ ಹಾದು ತೆಗೆದ ಚಿತ್ರದಲ್ಲಿ ಕಂಡದ್ದು 15 ಕಿಲೋಮೀಟರ್ ಉದ್ದದ, ಕಲ್ಲಿದ್ದಲಿನಂಥ ಕಪ್ಪು ಗೆಡ್ಡೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಅದು ಮರಳಿಸುತ್ತಿತ್ತು. ಇಂಗಾಲಭರಿತ ದೂಳಿನ ಕವಚ ಹಿಮವನ್ನು ಮುಚ್ಚಿಕೊಂಡಿರುತ್ತದೆ.

ಇದನ್ನು ನ್ಯೂಕ್ಯಾಸಲ್‌ನಲ್ಲಿ ನಿಂತು ಹೇಳುವಾಗ ನನಗೆ ಮೈ ನವಿರೇಳುತ್ತದೆ. ನಾವು ನಿಂತ ಗುಡ್ಡ ಕಲ್ಲಿದ್ದಲಿನದು. 1860ರ ದಶಕದಿಂದ ಸುಮಾರು ನೂರು ವರ್ಷ ಇಲ್ಲಿ ಗಣಿಗಳು ನಡೆದವು; ಇಂಗ್ಲೆಂಡಿನ ಕಲ್ಲಿದ್ದಲ ಊರಿನ ಹೆಸರು ಇದಕ್ಕೆ ಬಂದದ್ದೂ ಅದರಿಂದಲೇ. ಪಕ್ಕದ ಕೂಗರ್ ಮೌಂಟನ್ ಕಾಡಿನ ಕಾಲುದಾರಿಗಳಲ್ಲಿ ಮುಚ್ಚಿದ ಸುರಂಗದ ಬಾಯಿಗಳು ಈಗಲೂ ಸಿಗುತ್ತವೆ, ಹಳ್ಳದ ಹೆಸರೇ ಕೋಲ್ ಕ್ರೀಕ್. ಅಲ್ಲಿ ಬಿದ್ದಿದ್ದ ಕಪ್ಪು ಚೂರೊಂದನ್ನು ಮಗಳ ಅಂಗೈಯಲ್ಲಿಟ್ಟು, "ಆವತ್ತು ನೀನು ನೋಡಿದ್ದರ ಒಳಗಿನ ಮೈ ಹೀಗಿದೆ" ಎಂದೆ. ಅವಳು ನಂಬಲಿಲ್ಲ. ಅಷ್ಟು ಹೊಳೆಯುತ್ತಿತ್ತಲ್ಲ ಎಂದಳು. ಹೊಳೆದದ್ದು ಅದು ಬಿಟ್ಟ ಉಸಿರು.

ಸರೋವರದ ಆಚೆ ದಡದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಾಲಚುಕ್ಕಿಯ ದೂಳನ್ನು ನಿಜವಾಗಿ ಕೈಗೆ ತಂದುಕೊಂಡ ಮನುಷ್ಯ ಕೆಲಸ ಮಾಡಿದರು. ಡೊನಾಲ್ಡ್ ಬ್ರೌನ್‌ಲೀ. ಎತ್ತರದಲ್ಲಿ ಹಾರುವ ವಿಮಾನಗಳಿಂದ ಅಂತರಿಕ್ಷದ ದೂಳಿನ ಕಣಗಳನ್ನು ಹಿಡಿಯುವುದರಿಂದ ಶುರುಮಾಡಿ, ನಾಸಾದ ಸ್ಟಾರ್‌ಡಸ್ಟ್ ಯೋಜನೆಯ ಪ್ರಧಾನ ವಿಜ್ಞಾನಿಯಾದರು. 1999ರಲ್ಲಿ ಹಾರಿದ ನೌಕೆ 2004ರ ಜನವರಿ 2ರಂದು ವಿಲ್ಟ್-2 ಎಂಬ ಬಾಲಚುಕ್ಕಿಯ ಹತ್ತಿರ, ಸುಮಾರು 240 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಏರೋಜೆಲ್ ಎಂಬ, ಗಾಳಿಯಷ್ಟೇ ಹಗುರವೆನ್ನಿಸುವ ಗಾಜಿನ ನೊರೆಯಲ್ಲಿ ದೂಳು ಸಿಕ್ಕಿಬಿತ್ತು. 2006ರ ಜನವರಿ 15ರಂದು ಅದರ ಡಬ್ಬಿ ಯೂಟಾ ಮರುಭೂಮಿಯಲ್ಲಿ ಇಳಿಯಿತು. ಸೌರವ್ಯೂಹದ ಕೊರೆಯುವ ಚಳಿಯ ಅಂಚಿನಲ್ಲಿ ಹುಟ್ಟಿದ ವಸ್ತುವಿನೊಳಗೆ ಸಾವಿರ ಡಿಗ್ರಿಗೂ ಮೇಲಿನ ಕಾವಿನಲ್ಲಿ ಮಾತ್ರ ರೂಪುಗೊಳ್ಳುವ ಖನಿಜಗಳು ಸಿಕ್ಕವು. ಅಂದರೆ ಎಳೆಯ ಸೂರ್ಯನ ಪಕ್ಕದಲ್ಲಿ ಬೆಂದ ಕಣಗಳು ಹೇಗೋ ಆ ಅಂಚಿನವರೆಗೆ ಪಯಣಿಸಿದ್ದವು. ಪ್ರೋಟೀನಿನ ಇಟ್ಟಿಗೆಗಳಲ್ಲಿ ಒಂದಾದ ಗ್ಲೈಸಿನ್ ಕೂಡ ಆ ದೂಳಿನಲ್ಲಿತ್ತೆಂದು 2009ರಲ್ಲಿ ತಿಳಿಯಿತು.

ನಿಯೋವೈಸ್ ಕಂಡ ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದೆ; ಅಲ್ಲಿ ಮರುದಿನದ ಹಗಲು ಹನ್ನೊಂದೂವರೆ, ಜಡಿಮಳೆ. "ನಮಗೆಲ್ಲಿ ಕಾಣತ್ತೆ ಮಾರಾಯ, ಸೂರ್ಯನೇ ಕಂಡು ಎಂಟು ದಿನ ಆಯ್ತು" ಎಂದಿದ್ದರು. 2024ರಲ್ಲಿ ಸರದಿ ತಿರುಗಿತು. ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯ ಮತ್ತು ಅಟ್ಲಾಸ್ ದೂರದರ್ಶಕ ಜಾಲ 2023ರ ಆರಂಭದಲ್ಲಿ ಕಂಡುಹಿಡಿದಿದ್ದ ತ್ಸುಚಿನ್ಷಾನ್-ಅಟ್ಲಾಸ್ ಬಾಲಚುಕ್ಕಿ 2024ರ ಸೆಪ್ಟೆಂಬರ್ 27ರಂದು ಸೂರ್ಯನನ್ನು ಸುತ್ತಿತು. ಆ ದಿನಗಳಲ್ಲಿ ಅದು ಬೆಳಗಿನ ಜಾವ ಪೂರ್ವದಲ್ಲಿ, ಸೂರ್ಯನಿಗಿಂತ ಸ್ವಲ್ಪ ದಕ್ಷಿಣಕ್ಕೆ ವಾಲಿತ್ತು. ನ್ಯೂಕ್ಯಾಸಲ್‌ಗೆ ಅದು ದಿಗಂತಕ್ಕೆ ತೀರ ಅಂಟಿಕೊಂಡಿತ್ತು. ಕರ್ನಾಟಕಕ್ಕೆ ಸಾಕಷ್ಟು ಮೇಲಿತ್ತು. ಬೆಂಗಳೂರಿನವರು ಮಹಡಿಗಳ ಮೇಲಿನಿಂದ ತೆಗೆದ ಚಿತ್ರಗಳು ನನ್ನ ಮೊಬೈಲಿಗೆ ಬರುತ್ತಿದ್ದವು, ನನ್ನ ಆಕಾಶದಲ್ಲಿ ಏನೂ ಇರಲಿಲ್ಲ. ಅಮ್ಮ ಐದು ಗಂಟೆಗೆ ಎದ್ದು ಬ್ಯಾಣ ಹತ್ತಿದರಂತೆ. "ಬಾಲಚುಕ್ಕಿ ಕಂಡ್ರೆ ಕೆಡಕು ಅಂತಿದ್ರು ನಿನ್ನಜ್ಜಿ. ನಂಗೆ ಹಂಗೇನೂ ಅನ್ನಿಸ್ಲಿಲ್ಲ. ಚಂದ ಇತ್ತು" ಎಂದರು.

ಎರಡು ವಾರದ ನಂತರ ಅದು ಸೂರ್ಯನ ಈಚೆಗೆ ದಾಟಿ ಸಂಜೆಯ ಆಕಾಶಕ್ಕೆ ಬಂತು. ಅಕ್ಟೋಬರ್ 12ರಂದು ಭೂಮಿಗೆ ಸುಮಾರು 7 ಕೋಟಿ ಕಿಲೋಮೀಟರ್ ಹತ್ತಿರ. ದಿನಕ್ಕೆ ಸುಮಾರು ಅರ್ಧ ಮುಷ್ಟಿಯಷ್ಟು ಸೂರ್ಯನಿಂದ ದೂರ ಸರಿಯುತ್ತಿತ್ತು. ಇಲ್ಲಿ ಅಕ್ಟೋಬರ್ ಎಂದರೆ ಮಳೆಗಾಲದ ಹೊಸ್ತಿಲು, ಜೊತೆಗೆ ಹುಣ್ಣಿಮೆ 17ಕ್ಕೆ. ಆ ವಾರ ಸಂಜೆ ಆರೂವರೆಯಾದರೆ ಸಾಕು, ಅದೇ ಮೋಟುಗೋಡೆಯ ಬಳಿ ನಾವು ಹಾಜರು. ಮೋಡದ ಕಿಂಡಿ ತೆರೆದ ಸಂಜೆ ಎಡಗಡೆ ತಗ್ಗಿನಲ್ಲಿ ಶುಕ್ರ, ಬಲಗಡೆ ಸ್ವಾತಿ, ನಡುವೆ ಬಾಲ ಮೇಲೆತ್ತಿದ ಬಾಲಚುಕ್ಕಿ. ಸಿಯಾಟಲ್‌ನ ದೀಪಗಳು, ಬೆಳೆಯುತ್ತಿದ್ದ ಚಂದ್ರ, ಎರಡೂ ಸೇರಿ ಅದನ್ನು ಅಳಿಸಲಾಗಲಿಲ್ಲ. 15ರ ಆಸುಪಾಸಿನಲ್ಲಿ ಬೈನಾಕ್ಯುಲರಿನ ಒಂದೇ ನೋಟದಲ್ಲಿ ಅದರ ಪಕ್ಕ ಇನ್ನೊಂದು ಪುಟ್ಟ ಮಂಜುಚುಕ್ಕೆಯೂ ಬರುತ್ತಿತ್ತು. ಅದು ಮೆಸ್ಸಿಯೆ ಪಟ್ಟಿಯ ಐದನೆಯ ಕಾಯ, ಲಕ್ಷಾಂತರ ನಕ್ಷತ್ರಗಳ ಗೋಳಗುಚ್ಛ.

ಆ ಪಟ್ಟಿ ಹುಟ್ಟಿದ್ದೇ ಬಾಲಚುಕ್ಕಿಯಿಂದ, ಆದರೆ ಅದರ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲಾಗದು ಎಂದಿದ್ದ. ಸಾವಿರಕ್ಕೂ ಹೆಚ್ಚು ವರ್ಷ ಆ ಮಾತು ನಿಂತಿತ್ತು. 1705ರಲ್ಲಿ ಎಡ್ಮಂಡ್ ಹ್ಯಾಲಿ ಒಂದು ಬಾಲಚುಕ್ಕಿಯ ಮರಳುವಿಕೆಯನ್ನು ಲೆಕ್ಕ ಹಾಕಿ ಹೇಳಿದ, ಅದನ್ನು ಕಾಣುವ ಮೊದಲೇ ತೀರಿಕೊಂಡ. ಅದನ್ನು ಹುಡುಕಿದವರಲ್ಲಿ ಒಬ್ಬನಾದ ಪ್ಯಾರಿಸ್ಸಿನ ಶಾರ್ಲ್ ಮೆಸ್ಸಿಯೆ 1758ರಲ್ಲಿ ವೃಷಭ ರಾಶಿಯ ಒಂದು ಮಂಜುಚುಕ್ಕೆಗೆ ಮೋಸಹೋದ. ಮುಂದೆ ಯಾರೂ ಹೀಗೆ ಮೋಸಹೋಗಬಾರದೆಂದು, ಬಾಲಚುಕ್ಕಿಯಂತೆ ಕಂಡರೂ ಚಲಿಸದವುಗಳ ಪಟ್ಟಿ ಮಾಡಿದ. ಹ್ಯಾಲಿ ಹೇಳಿದ್ದ ಬಾಲಚುಕ್ಕಿಯನ್ನು ಮೊದಲು ಕಂಡದ್ದು ಮೆಸ್ಸಿಯೆ ಅಲ್ಲ. ಜರ್ಮನಿಯ ಡ್ರೆಸ್ಡೆನ್ ಬಳಿಯ ಒಬ್ಬ ರೈತ, ಯೋಹಾನ್ ಪಾಲಿಟ್ಷ್, 1758ರ ಡಿಸೆಂಬರ್ 25ರ ರಾತ್ರಿ ತನ್ನ ದೂರದರ್ಶಕದಲ್ಲಿ ಅದನ್ನು ಗುರುತಿಸಿದ. ಅಲ್ಲಿ ಮೊದಲು ಏನೂ ಇರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹವ್ಯಾಸಿಗಳ ಕಾಲ ಮುಗಿಯಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹೊಸ ಬಾಲಚುಕ್ಕಿಗಳಲ್ಲಿ ಹೆಚ್ಚಿನವು ಯಂತ್ರಗಳ ಕಣ್ಣಿಗೇ ಬೀಳುತ್ತಿವೆ, ನಿಜ. ಆದರೆ 2019ರಲ್ಲಿ ಬೇರೊಂದು ನಕ್ಷತ್ರಲೋಕದಿಂದ ಬಂದ ಬಾಲಚುಕ್ಕಿಯನ್ನು ಹಿಡಿದದ್ದು ಗೆನ್ನಾಡಿ ಬೊರಿಸೊವ್, ತಾನೇ ಕಟ್ಟಿದ ದೂರದರ್ಶಕದಲ್ಲಿ. 2023ರ ಆಗಸ್ಟ್‌ನಲ್ಲಿ ಜಪಾನಿನ ಹಿದೆಯೊ ನಿಶಿಮುರಾ ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ಇನ್ನೊಂದನ್ನು ಹಿಡಿದರು. ಯಂತ್ರಗಳು ನೋಡಲು ಹಿಂಜರಿಯುವ ಜಾಗ, ಸೂರ್ಯನ ಪಕ್ಕದ ದಿಗಂತವೇ, ಅವರಿಗೆ ಫಲ ಕೊಟ್ಟಿತು. ನಮ್ಮ ದೇಶದ ವೈನು ಬಾಪು 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಛಾಯಾಫಲಕದಲ್ಲಿ ಒಂದು ಅಪರಿಚಿತ ಮಸುಕನ್ನು ಕಂಡರು. ಬಾಪು-ಬಾಕ್-ನ್ಯೂಕರ್ಕ್ ಎಂಬ ಬಾಲಚುಕ್ಕಿ ಅದು. ಮುಂದೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು ಅವರೇ.

ಹಾಗಾಗಿ ಸುದ್ದಿ ಬರುವವರೆಗೆ ಕಾಯಬೇಡಿ. ಈ ವಾರವೇ ಒಂದು ಸಂಜೆ ಮನೆಯಿಂದ ಹೊರಗೆ ಹೋಗಿ ನಿಮ್ಮ ಪಶ್ಚಿಮ ಎಲ್ಲಿ ತೆರೆದಿದೆ ನೋಡಿಟ್ಟುಕೊಳ್ಳಿ. ಒಂದು ಬೆಳಗಿನ ಜಾವ ಪೂರ್ವವನ್ನೂ. ಹ್ಯಾಲಿ ಬಾಲಚುಕ್ಕಿ 2023ರ ಡಿಸೆಂಬರ್ 9ರಂದು ನೆಪ್ಚೂನಿನಾಚೆ, ಸೂರ್ಯನಿಂದ 500 ಕೋಟಿ ಕಿಲೋಮೀಟರಿಗೂ ದೂರದಲ್ಲಿ ತನ್ನ ಹಾದಿಯ ಕೊನೆ ಮುಟ್ಟಿ ಹಿಂದಿರುಗಿದೆ. 2061ರ ಜುಲೈ 28ರಂದು ಅದು ಸೂರ್ಯನ ಬಳಿ ಇರುತ್ತದೆ. ನನ್ನ ಮಗಳಿಗೆ ಆಗ ಐವತ್ತು ವರ್ಷ.